ನಲವತ್ತು ಪಟ್ಟು ಹತ್ತಿರ

ನವೆಂಬರ್ ೩, ಸೋಮವಾರ

‘ಅವಳು ನಿನಗೆ ಬೇಕಾಗಿದ್ದಿದ್ದರೆ’ ಅಂದನಲ್ಲ, ಅಮ್ಮನನ್ನು ತನ್ನ ಮನೆಗೆ ಕರೆದೊಯ್ದ ದಿನ, ಅದಾದ ಮೇಲೂ ತಮ್ಮ ಏನೋ ಅಂದ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಸಂದಿಯಲ್ಲಿ ಅವನ ಬಾಯಿ ಆಡುತ್ತಿದ್ದದ್ದು ಕಂಡಿತು, ಅಮ್ಮನ ಕೈಚೀಲ ಕಂಡಿತು. ಅಮ್ಮ ಕಾಣಲಿಲ್ಲ. ಒಂದೂವರೆ ವರ್ಷದಿಂದ ಆ ವಾಕ್ಯವನ್ನು ನಾನೇ ಬೇರೆ ಬೇರೆ ಥರ ಮುಗಿಸಿ ನೋಡಿದ್ದೇನೆ. ಯಾವುದೂ ಅವನ ದನಿಯಲ್ಲಿ ಕೇಳಿಸುವುದಿಲ್ಲ.

ಇವತ್ತು ಅದು ನೆನಪಾದದ್ದು ಒಂದು ಹಳದಿ ಚುಕ್ಕೆಯಿಂದ. ಟ್ಯಾಂಕಿನ ವಾಲ್ವು ನೋಡಲು ಸಂಜೆ ತಾರಸಿಗೆ ಹತ್ತಿದ್ದೆ. ನಮ್ಮ ಕಟ್ಟಡದ ಮುಂದೆ ಶಾಲೆಯ ಮೈದಾನ, ಮೈದಾನದ ಆಚೆ ತಮ್ಮನ ಕಟ್ಟಡ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಹಳದಿಯದೇನೋ ಕುರ್ಚಿಯ ಮೇಲಿತ್ತು. ಒಣಹಾಕಿದ ಬಟ್ಟೆ ಅಂದುಕೊಂಡೆ. ಅದು ಎದ್ದು, ಕಂಬಿ ಹಿಡಿದು, ಮತ್ತೆ ಕೂತುಕೊಂಡಿತು.

ಫೋನಿನಲ್ಲಿ ಜೂಮ್ ಮಾಡಿದೆ. ಚುಕ್ಕೆ ದೊಡ್ಡದಾಯಿತು, ಅಮ್ಮ ಆಗಲಿಲ್ಲ.

ಅಡುಗೆಮನೆಗೆ ಬೀಗ ಹಾಕಿದ್ದು ತಪ್ಪಲ್ಲ ಅಂತ ಈಗಲೂ ಹೇಳುತ್ತೇನೆ. ಅಮ್ಮ ಒಲೆ ಆರಿಸಲು ಮರೆತದ್ದು ಒಂದು ಸಲವಲ್ಲ. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಫ್ಲಾಸ್ಕಿನಲ್ಲಿ ಕಾಫಿ ಇಟ್ಟೇ ಬೀಗ ಹಾಕುತ್ತಿದ್ದೆ. ತಮ್ಮ ಬಂದ ದಿನ ಬೀಗ ನೋಡಿದ, ಫ್ಲಾಸ್ಕ್ ನೋಡಲಿಲ್ಲ.

ನವೆಂಬರ್ ೫, ಬುಧವಾರ

ಮೋಟಾರು ವಿಮೆಯ ಕಚೇರಿಯಲ್ಲಿ ನನ್ನ ಕೆಲಸವೇ ಫೋಟೋ ನೋಡುವುದು. ಗುದ್ದಿಸಿಕೊಂಡ ಕಾರಿನ ಚಿತ್ರ ಬರುತ್ತದೆ. ಗಾಯ ಹಳೆಯದೋ ಹೊಸದೋ, ಹೇಳುವ ಕಥೆಗೂ ತಗ್ಗಿಗೂ ಹೊಂದುತ್ತದೋ ಇಲ್ಲವೋ ಅಂತ ಬರೆಯಬೇಕು. ಜಾಗಕ್ಕೆ ಹೋಗುವಂತಿಲ್ಲ, ಮಾಲೀಕನ ಜೊತೆ ಮಾತಾಡುವಂತಿಲ್ಲ. ಮಾತಾಡಿದರೆ ಕರುಣೆ ಬರುತ್ತದೆ ಎಂದು ನಿಯಮ ಮಾಡಿದ್ದಾರೆ. ಫೋಟೋದಲ್ಲಿ ಇಲ್ಲದ್ದು ನಡೆದೇ ಇಲ್ಲ.

ಪಕ್ಕದ ಮೇಜಿನವನನ್ನು ಎಲ್ಲರೂ ಬಂಪರ್ ಅನ್ನುತ್ತಾರೆ. ಅವನ ಫೈಲುಗಳೆಲ್ಲ ಹಿಂದಿನಿಂದ ಗುದ್ದಿದವು. ದೂರದ್ದು ತೆಗೆಯಲು ಯಾವ ಕ್ಯಾಮೆರಾ ಒಳ್ಳೆಯದು ಅಂತ ಅವನನ್ನು ಕೇಳಿದೆ.

“ಏನ್ ಸಾರ್, ಈ ವಯಸ್ಸಲ್ಲಿ? ಎದುರು ಮನೆಗೆ ಯಾರಾದ್ರೂ ಬಂದ್ರಾ?”

“ಹಕ್ಕಿ” ಅಂದೆ. ಬಾಯಿಗೆ ಬಂದದ್ದು ಅದೇ.

“ಹಂಗಾದ್ರೆ ಡಬ್ಬದ ಮೇಲೆ ಬರ್ದಿರೋ ಡಿಜಿಟಲ್ ಜೂಮ್ ನಂಬಬೇಡಿ. ರಬ್ಬರ್ ಬ್ಯಾಂಡ್ ಎಳೆದಂಗೆ ಅದು. ಬ್ಯಾಂಡ್ ಉದ್ದ ಆಗತ್ತೆ, ರಬ್ಬರ್ ಜಾಸ್ತಿ ಆಗಲ್ಲ. ಲೆನ್ಸೇ ಹತ್ತಿರ ತರೋ ಆಪ್ಟಿಕಲ್ ಜೂಮ್ ಎಷ್ಟು ಅಂತ ಕೇಳಿ.”

ಮಧ್ಯಾಹ್ನ ಪರಿಹಾರದ ಮೂರು ಅರ್ಜಿ ತಿರಸ್ಕರಿಸಿದೆ.

ನವೆಂಬರ್ ೮, ಶನಿವಾರ

ಕ್ಯಾಮೆರಾ ಅಂಗಡಿ. ಉದ್ದಕ್ಕೆ ಓಣಿಯ ಹಾಗಿದೆ. ಅಂಗಡಿಯವನು ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಗಿರಾಕಿಗಳನ್ನು ಅದರ ಮೇಲಿನಿಂದ ನೋಡುತ್ತಾನೆ. ಕನ್ನಡಕದಿಂದ ನೋಡುವುದು ಕಾರ್ಡು ಉಜ್ಜುವ ಯಂತ್ರವನ್ನು ಮಾತ್ರ.

“ಏನ್ ತೆಗೀಬೇಕು, ಎಷ್ಟು ದೂರದ್ದು?”

“ಹಕ್ಕಿ. ಒಂದು ಮೈದಾನದಷ್ಟು ದೂರ.”

“ಹಾರೋದಾ, ಕೂತಿರೋದಾ?”

“ಕೂತಿರೋದು.”

ಅವನು ಮೊದಲು ತೆಗೆದಿಟ್ಟದ್ದು ದೊಡ್ಡದು, ಕೊಳಾಯಿ ಪೈಪಿನಂಥ ಮೂತಿಯದು. ಅದನ್ನು ಎತ್ತಿದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಜೇಬಿಗೆ ಹೋಗುವಂಥದ್ದು ಬೇಕು ಅಂದೆ, ಬೆಲೆ ಕಡಿಮೆ ಇರಬೇಕು, ಜೂಮ್ ಉದ್ದ ಇರಬೇಕು ಅಂದೆ.

“ಜೇಬು ಸಣ್ಣದು, ಬೆಲೆ ಸಣ್ಣದು, ಕಣ್ಣು ಮಾತ್ರ ದೂರ. ಎಲ್ರೂ ಅದನ್ನೇ ಕೇಳ್ತಾರೆ ಬಿಡಿ.”

ಎರಡು ಉಳಿದವು. ಒಂದು ಈ ವರ್ಷದ್ದು, ಮೂವತ್ತು ಪಟ್ಟು, ಮುಟ್ಟಿದರೆ ಕೆಲಸ ಮಾಡುವ ದೊಡ್ಡ ಪರದೆ. ಇನ್ನೊಂದು ಹಿಂದಿನ ಮಾದರಿ, ನಲವತ್ತು ಪಟ್ಟು, ಮಂಕು ಪರದೆ, ಆದರೆ ಮೂಲೆಯಲ್ಲಿ ಕಣ್ಣಿಟ್ಟು ನೋಡುವ ಸಣ್ಣ ಕಿಂಡಿ. ಎರಡನ್ನೂ ಅಂಗಡಿಯ ಬಾಗಿಲಿಗೆ ಒಯ್ದು ನೋಡಿದೆ. ಬೆನ್ನಿಗೆ ಬಿಸಿಲಿತ್ತು, ದೊಡ್ಡ ಪರದೆಯಲ್ಲಿ ನನ್ನದೇ ಮುಖ ಕಂಡಿತು. ಕಿಂಡಿಯದರಲ್ಲಿ ಬೀದಿ ಕೊನೆಯ ಬೆಂಚಿನ ಮೇಲೆ ಕೂತ ಹೆಂಗಸಿನ ಮೂಗುತಿ ಕಂಡಿತು. ಅವಳು ತಟ್ಟನೆ ನೇರ ನನ್ನ ಕಡೆ ನೋಡಿದಳು. ಕೆಳಗಿಳಿಸಿದೆ. ಬರಿಗಣ್ಣಿಗೆ ಅವಳು ಎಲ್ಲೋ ದೂರದಲ್ಲಿ, ಬಸ್ಸು ಬರುವ ಕಡೆ ನೋಡುತ್ತಿದ್ದಳು.

“ಕಿಂಡಿದು ತಗೊಳ್ಳಿ,” ಅಂದ. “ಅಷ್ಟು ದೂರದ್ದು ಕೈ ಚಾಚಿ ಹಿಡಿದು ತೆಗೆದ್ರೆ ನಡುಗತ್ತೆ. ಇದನ್ನ ಕಣ್ಣಿಗೆ ಒತ್ಕೊಂಡು, ಎರಡು ಕೈಯಲ್ಲೂ ಮುಖಕ್ಕೆ ಅದುಮಿ ಹಿಡೀರಿ. ಮುಖವೇ ಸ್ಟ್ಯಾಂಡು.”

ಯೋಚನೆ ಮಾಡಿ ಬರುತ್ತೇನೆ ಅಂದೆ. ಮನೆಗೆ ಬಂದವನು ತಾರಸಿಗೆ ಹೋದೆ. ಚುಕ್ಕೆ ಅಲ್ಲೇ ಇತ್ತು.

ನವೆಂಬರ್ ೯, ಭಾನುವಾರ

ಹೆಂಡತಿಗೆ ಹೇಳಿದೆ. ಹಕ್ಕಿ ನೋಡುವ ಹವ್ಯಾಸ ಮನಸ್ಸಿಗೆ ಒಳ್ಳೆಯದಂತೆ ಅಂದೆ.

“ಹಕ್ಕಿ ಬೇಕಿದ್ರೆ ಪಾರ್ಕಿಗೆ ಹೋಗಿ ನೋಡಿ, ಬಿಟ್ಟಿ ಸಿಗತ್ತೆ. ನಮ್ಮ ತಾರಸಿಯಿಂದ ಕಾಗೆ ಬಿಟ್ಟು ಇನ್ನೇನ್ ಕಾಣತ್ತೆ?”

ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿ, “ಮೈದಾನ ಸುತ್ತಿ ಹೋದ್ರೆ ಹತ್ತು ನಿಮಿಷ ರೀ,” ಅಂದಳು.

“ಎಲ್ಲಿಗೆ?”

“ಪಾರ್ಕಿಗೆ” ಅಂದು ಮಡಿಸಿದ್ದನ್ನೇ ಇನ್ನೊಮ್ಮೆ ಮಡಿಸಿದಳು.

ನವೆಂಬರ್ ೧೫, ಶನಿವಾರ

ಕೊಂಡೆ. ನಲವತ್ತು ಪಟ್ಟಿನದು.

ಸಂಜೆ ತಾರಸಿ. ಎರಡು ಕೈಯಲ್ಲೂ ಮುಖಕ್ಕೆ ಅದುಮಿ ಹಿಡಿದು ಗುಂಡಿ ಒತ್ತುತ್ತಾ ಹೋದೆ. ಮೈದಾನ ಸರಿಯಿತು, ಗೋಲಿನ ಕಂಬ ಸರಿಯಿತು, ರಸ್ತೆ, ಗೇಟು, ಗೋಡೆಯ ಬಿರುಕು, ಬಾಲ್ಕನಿಯ ಕಂಬಿ. ಆಮೇಲೆ ಅಮ್ಮ.

ನನ್ನಿಂದ ಒಂದು ಮೇಜಿನಷ್ಟು ದೂರದಲ್ಲಿ ಕೂತಿದ್ದಳು. ಹಳದಿ ಸ್ವೆಟರು, ಎಡಗೈ ಕಂಬಿಯ ಮೇಲೆ. ಕೆನ್ನೆ ಒಳಗೆ ಹೋಗಿದೆ. ಬೈತಲೆ ಅಗಲವಾಗಿದೆ. ಬಾಯಿ ಏನನ್ನೋ ಅಗಿಯುತ್ತಿತ್ತು ಅಥವಾ ಮಾತಾಡುತ್ತಿತ್ತು. ನನಗೇಕೋ ಉಸಿರು ಬಿಡಲು ಆಗಲಿಲ್ಲ. ಬಿಟ್ಟರೆ ಚಿತ್ರ ಅಲುಗಾಡುತ್ತದೆ.

ಮುಖ ಈ ಕಡೆಗೇ ಇತ್ತು. ಮೈದಾನದಲ್ಲಿ ಹುಡುಗಿಯರು ಚೆಂಡಾಡುತ್ತಿದ್ದರು, ಅದನ್ನು ನೋಡುತ್ತಿರಬೇಕು.

ಹನ್ನೊಂದು ಚಿತ್ರ ತೆಗೆದೆ. ಇಷ್ಟು ಬೆಲೆಗೆ ಒಳ್ಳೆಯ ಲೆನ್ಸು. ಆಕಾರಗಳ ಅಂಚುಗಳಲ್ಲಿ ಮಾತ್ರ ಸ್ವಲ್ಪ ನೇರಳೆ ಛಾಯೆ.

ನವೆಂಬರ್ ೧೯, ಬುಧವಾರ

ಅದೇ ಸ್ವೆಟರು.

ನವೆಂಬರ್ ೨೩, ಭಾನುವಾರ

ರಜೆಯಾದ್ದರಿಂದ ಬೆಳಿಗ್ಗೆಯೇ ಹತ್ತಿದೆ. ಸೂರ್ಯ ತಮ್ಮನ ಕಟ್ಟಡದ ಹಿಂದಿನಿಂದ ಹುಟ್ಟುತ್ತಾನೆ. ಬೆಳಗಿನ ಹೊತ್ತು ಆ ಬಾಲ್ಕನಿಗೆ ಬಿಸಿಲೇ ಇಲ್ಲ. ಆದರೂ ಅಮ್ಮ ಅಲ್ಲೇ, ಅದೇ ಹಳದಿ ಸ್ವೆಟರಿನಲ್ಲಿ, ಕಾಲಿಗೆ ಚೀಲದಂಥದ್ದೇನೋ ಸುತ್ತಿಕೊಂಡು. ಚಳಿಗೆ ನನಗೇ ಬೆರಳು ಸೆಟೆದುಕೊಳ್ಳುತ್ತಿದ್ದವು.

ಒಬ್ಬ ಮುದುಕಿಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಹೊರಗೆ ಕೂರಿಸುವುದು ಯಾವಾಗ? ಒಳಗೆ ಜಾಗ ಇಲ್ಲದಾಗ. ದಿನಾ ಒಂದೇ ಬಟ್ಟೆ ಯಾವಾಗ? ಯಾರೂ ಕೇಳದಿದ್ದಾಗ. ಕಚೇರಿಯಲ್ಲಿ ಇದಕ್ಕಿಂತ ಕಡಿಮೆ ಸಾಕ್ಷ್ಯದ ಮೇಲೆ ಬರೆದಿದ್ದೇನೆ. ನನ್ನ ಮನೆಯಲ್ಲಿ ಬೀಗ ಇದ್ದದ್ದು ಅಡುಗೆಮನೆಗೆ. ಇವರು ಬೀಗ ಹಾಕಿರುವುದು ಇಡೀ ಮನೆಗೆ, ಅವಳನ್ನು ಹೊರಗಿಟ್ಟು.

ಮಧ್ಯೆ ತಮ್ಮನ ಹೆಂಡತಿ ಬಂದು ಅಮ್ಮನ ತಲೆ ಬಾಚಿದಳು, ಬಟ್ಟಲಿನಿಂದ ಏನೋ ತಿನ್ನಿಸಿದಳು. ಅಮ್ಮ ಕೈಯಾಡಿಸಿ ಬೇಡ ಅಂದಳು, ಇಬ್ಬರೂ ನಕ್ಕ ಹಾಗಿತ್ತು. ಆ ನಾಲ್ಕು ಚಿತ್ರ ಅಲುಗಾಡಿದ್ದವು. ಅಳಿಸಿದೆ.

ಕೆಳಗಿಳಿದು ಬಂದಾಗ ಹೆಂಡತಿ ಕೇಳಿದಳು: “ಹಕ್ಕಿ ತಿಂಡಿ ತಿಂತಾ?”

“ಇದು ತಮಾಷೆ ವಿಷಯ ಅಲ್ಲ.”

“ನಾನೆಲ್ಲಿ ನಕ್ಕೆ?” ಅಂದಳು. ನಿಜ, ನಕ್ಕಿರಲಿಲ್ಲ.

ನವೆಂಬರ್ ೩೦, ಭಾನುವಾರ

ಚಿತ್ರಗಳನ್ನು ಅಕ್ಕನಿಗೆ ಕಳಿಸಿದೆ. ಅಕ್ಕ ಇರುವುದು ಬೇರೆ ಊರಿನಲ್ಲಿ, ಒಂದು ಹಗಲಿನ ಪ್ರಯಾಣ. ನನ್ನ, ತಮ್ಮನ ಜಗಳದಲ್ಲಿ ಈವರೆಗೂ ಮೂಗು ತೂರಿಸಿರಲಿಲ್ಲ.

ಇಪ್ಪತ್ತಾರು ಚಿತ್ರ, ಪ್ರತಿಯೊಂದರ ಕೆಳಗೆ ಒಂದೊಂದು ಸಾಲು. ‘ಬೆಳಿಗ್ಗೆ, ಬಿಸಿಲಿಲ್ಲ.’ ‘ಅದೇ ಉಡುಪು.’ ‘ಯಾರೂ ಹತ್ತಿರ ಇಲ್ಲ.’ ‘ಕಾಲಿಗೆ ಚೀಲ.’ ವಿಶೇಷಣ ಹಾಕಲಿಲ್ಲ. ವಿಶೇಷಣ ಹಾಕಿದರೆ ದ್ವೇಷ ಅನ್ನಿಸುತ್ತದೆ, ಹಾಕದಿದ್ದರೆ ವರದಿ. ಕೊನೆಯಲ್ಲಿ ಇಷ್ಟೇ ಬರೆದೆ: ನೋಡಿ ನೀನೇ ತೀರ್ಮಾನ ಮಾಡು.

ಚೆನ್ನಾಗಿ ನಿದ್ದೆ ಬಂತು.

ಡಿಸೆಂಬರ್ ೨, ಮಂಗಳವಾರ

ಅಕ್ಕ ಫೋನ್ ಮಾಡಿದಳು. ಕಚೇರಿಯ ಮೆಟ್ಟಿಲ ಮೇಲೆ ನಿಂತು ಮಾತಾಡಿದೆ.

“ಇದನ್ನೆಲ್ಲ ಎಲ್ಲಿಂದ ತೆಗ್ದೆಯೋ?”

“ನಮ್ಮ ತಾರಸಿಯಿಂದ.”

“ಎಷ್ಟು ದಿನದಿಂದ?”

“ಅದು ಮುಖ್ಯ ಅಲ್ಲ. ಚಿತ್ರದಲ್ಲಿ ಏನಿದೆ ನೋಡು.”

“ನೋಡ್ದೆ ಕಣೋ. ಅಮ್ಮನ ಮೂಗಿನ ಮೇಲಿನ ಮಚ್ಚೆ ಕೂಡ ಕಾಣತ್ತೆ. ಅಷ್ಟು ಹತ್ತಿರ ಹೋಗಿದೀಯಲ್ಲ, ಹೇಗಿದೀಯಮ್ಮ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?”

ಅವಳಿಗೆ ಲೆನ್ಸಿನ ವಿಷಯ ಅರ್ಥವಾಗಿಲ್ಲ. ವಿವರಿಸಲು ಹೋದೆ. ಅವಳು ಬಿಕ್ಕುತ್ತಿದ್ದಳು. ತಮ್ಮನ ಹತ್ತಿರ ಮಾತಾಡುತ್ತೇನೆ ಅಂದಳು. ಮಾತಾಡಲಿ. ಅದಕ್ಕೇ ಕಳಿಸಿದ್ದು.

ಡಿಸೆಂಬರ್ ೭, ಭಾನುವಾರ

ಬಾಲ್ಕನಿಯಲ್ಲಿ ಇಬ್ಬರು ಕೆಲಸದವರು. ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಗಾಜು. ತಮ್ಮ ಪಕ್ಕದಲ್ಲೇ ನಿಂತು ಹಾಕಿಸುತ್ತಿದ್ದ. ನಲವತ್ತು ಪಟ್ಟಿನಲ್ಲಿ ಅವನನ್ನು ಮೊದಲ ಸಲ ನೋಡಿದೆ. ಕಿವಿಯ ಮೇಲೆ ನರೆತಿದ್ದಾನೆ. ನಮ್ಮ ತಂದೆಯ ಥರ ನಿಲ್ಲುತ್ತಾನೆ, ಒಂದು ಭುಜ ಇಳಿಬಿಟ್ಟುಕೊಂಡು. ಕೊನೆಯ ಗಾಜು ಕೂರಿಸುವ ಮುನ್ನ ನೇರವಾಗಿ ನಮ್ಮ ತಾರಸಿಯ ಕಡೆ ತಿರುಗಿ, ಕೈ ಮುಗಿದ. ನಮಸ್ಕಾರ ಮಾಡುವ ಹಾಗಲ್ಲ, ಸಾಕಪ್ಪ ಅನ್ನುವ ಹಾಗೆ.

ಗಾಜು ಮಂಜು ಗಾಜು. ಬೆಳಕು ದಾಟುತ್ತದೆ, ರೂಪ ದಾಟುವುದಿಲ್ಲ.

ಅಕ್ಕನ ಸಂದೇಶ ಸಂಜೆ ಬಂತು: ‘ಚಳಿಗೆ ಕೂರಿಸ್ತಾರೆ ಅಂದ್ಯಲ್ಲ, ಮುಚ್ಚಿಸಿದಾನಂತೆ. ಸಮಾಧಾನ ಆಯ್ತಾ?’

ಆಯಿತು ಅಂತಲೇ ಹೇಳಬೇಕು. ನನ್ನ ವರದಿಯ ಮೇಲೆ ಕ್ರಮ ಜರುಗಿದೆ.

ಡಿಸೆಂಬರ್ ೧೦, ಬುಧವಾರ

ಕಚೇರಿಯಿಂದ ಬರುವಾಗ ಅಂಗಡಿಗೆ ಹೋಗಿ, ಗಾಜಿನ ಹಿಂದಿನದು ಕಾಣುವಂಥ ಫಿಲ್ಟರ್ ಏನಾದರೂ ಇದೆಯೇ ಅಂತ ಕೇಳಿದೆ.

“ಎಂಥಾ ಗಾಜು?”

“ಮಂಜು ಗಾಜು.”

ಅವನು ಕನ್ನಡಕದ ಮೇಲಿನಿಂದ ನೋಡಿದ. “ಹಕ್ಕಿ ಯಾಕ್ ಸಾರ್ ಮಂಜು ಗಾಜಿನ ಹಿಂದೆ ಕೂತಿದೆ?”

“ಸಾಕಿದ್ದು” ಅಂದೆ.

“ನಿಮ್ಮದಾ?”

ಒರೆಸುವ ಬಟ್ಟೆಯೊಂದನ್ನು ಕೊಂಡು ಬಂದೆ.

ಡಿಸೆಂಬರ್ ೧೪, ಭಾನುವಾರ

ತಮ್ಮನ ಮಗಳು ಬಂದಿದ್ದಳು. ಒಂದೂವರೆ ವರ್ಷದಲ್ಲಿ ಆ ಮನೆಯಿಂದ ಈ ಮನೆಗೆ ಬಂದ ಮೊದಲ ಕಾಲು. ದೊಡ್ಡವಳಾಗಿದ್ದಾಳೆ, ಯಾವುದೋ ಆಸ್ಪತ್ರೆಯ ಲೆಕ್ಕದ ವಿಭಾಗದಲ್ಲಿ ಕೆಲಸವಂತೆ. ಹೆಂಡತಿ ಅವಳನ್ನು ನೋಡಿ ತಬ್ಬಿಕೊಂಡುಬಿಟ್ಟಳು. ನಾನು ಏನು ಮಾಡಬೇಕೆಂದು ತಿಳಿಯದೆ ಫ್ಯಾನು ಹಾಕಿದೆ. ಚಳಿಗಾಲ. ಹೆಂಡತಿ ಆರಿಸಿದಳು.

ಹುಡುಗಿ ಕೂರಲಿಲ್ಲ.

“ಅಪ್ಪಂಗೆ ಹೇಳಿ ಬಂದಿಲ್ಲ ದೊಡ್ಡಪ್ಪ. ಅಜ್ಜಿ ಕಳಿಸಿದ್ರು. ಒಂದು ಮಾತು ಕೇಳ್ಕೊಂಡ್ ಬಾ ಅಂದ್ರು.”

“ಏನಂತೆ?”

“ದೊಡ್ಡವನು ದಿನಾ ಸಂಜೆ ತಾರಸಿ ಮೇಲೆ ಮುಖ ಮುಚ್ಕೊಂಡು ನಿಂತಿರ್ತಿದ್ದ, ಯಾಕಂತೆ ಕೇಳು ಅಂದ್ರು. ಅಳ್ತಾನಾ ಅಂತ.”

ಅಮ್ಮನಿಗೆ ಇಷ್ಟು ದೂರ ಕಾಣುವುದಿಲ್ಲ ಅಂದೆ. ಕಣ್ಣಿನ ಪೊರೆ ತೆಗೆಸಿದ್ದಾರಂತೆ, ಹೋದ ವರ್ಷವೇ. “ಹತ್ತಿರದ್ದೇ ಕಾಣಲ್ಲ, ದೂರದ್ದು ನಮಗಿಂತ ಚೆನ್ನಾಗಿ ಕಾಣತ್ತೆ. ಸಂಜೆ ಬಿಸಿಲು ನಿಮ್ಮ ಹಿಂದಿರತ್ತಲ್ಲ, ಬರೀ ಕಪ್ಪು ಆಕಾರ. ಆದ್ರೂ ನೀವೇ ಅಂತ ಗುರುತು ಹಿಡೀತಾರೆ. ಮೊದಲು ಟ್ಯಾಂಕ್ ಹತ್ರ ಬರ್ತಿದ್ರಂತೆ, ಸುಮ್ನೆ ನಿಲ್ತಿದ್ರಂತೆ. ಗಾಜು ಹಾಕೋ ಮುಂಚೆ ಮೂರು ವಾರ ಎರಡೂ ಕೈಯಲ್ಲಿ ಮುಖ ಮುಚ್ಕೊಂಡೇ ನಿಲ್ತಿದ್ದ, ನಾನು ಬಂದಿದ್ದು ಅಷ್ಟು ನೋವಾಯ್ತಾ ಅವನಿಗೆ ಅಂತಾರೆ.”

ನಾನು ಕೇಳಬೇಕಾದ್ದನ್ನು ಕೇಳಿದೆ. “ಬೆಳಿಗ್ಗೆ ಚಳಿಯಲ್ಲಿ ಯಾಕೆ ಕೂರಿಸ್ತಿದ್ರಿ?”

“ಕೂರಿಸೋದಾ? ಒಳಗೆ ಎಳ್ಕೊಂಡ್ ಹೋಗೋಕೆ ನಮ್ಮಮ್ಮಂಗೆ ಸಾಕು ಸಾಕಾಗ್ತಿತ್ತು. ನೀವು ಕೆಲಸಕ್ಕೆ ಹೋಗೋದು ನಿಮ್ಮ ಗೇಟಲ್ಲಿ ಕಾಣತ್ತಲ್ಲ, ಅದಕ್ಕೆ. ಭಾನುವಾರ ಅಂದ್ರೂ ಕೇಳ್ತಿರಲಿಲ್ಲ. ಕಾಲಿಗೆ ಬಿಸಿನೀರಿನ ಚೀಲ ಕಟ್ಟಿ ಬಿಡ್ತಿದ್ವಿ.”

“ಸ್ವೆಟರು?”

“ಅದಾ!” ಹುಡುಗಿ ನಗಲು ಹೋಗಿ ನಿಲ್ಲಿಸಿದಳು. “ಒಗೆಯೋಕೂ ಕೊಡಲ್ಲ. ಹಳದಿ ಬಣ್ಣ ದೂರಕ್ಕೆ ಎದ್ದು ಕಾಣತ್ತೆ, ಅವನು ನೋಡಿದ್ರೆ ಗೊತ್ತಾಗ್ಲಿ ಅಂತ.”

ಕ್ಯಾಮೆರಾ ಟೀವಿಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ನೋಡಿದಳು. ಎಲ್ಲ ಗೊತ್ತಿದ್ದೇ ಬಂದಿದ್ದಾಳೆ.

“ಅಜ್ಜಿಗೆ ಫೋಟೋ ವಿಷಯ ನಾವು ಹೇಳಿಲ್ಲ. ಏನಂತ ಹೇಳ್ಲಿ ದೊಡ್ಡಪ್ಪ?”

“ಹಕ್ಕಿ ನೋಡ್ತಿದ್ದೆ ಅಂತ ಹೇಳು.”

ಹೆಂಡತಿ ಒಳಗೆ ಎದ್ದುಹೋದಳು.

“ನೀವೇ ಬಂದು ಹೇಳಿ” ಅಂತ ಹುಡುಗಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡಳು. “ಅಪ್ಪ ಬಯ್ತಾರೆ. ಬಯ್ಸಿಕೊಳ್ಳಿ.”

ಬರುತ್ತೇನೆ ಅಂದೆ. ಈ ವಾರ ಕಚೇರಿಯಲ್ಲಿ ವರ್ಷಾಂತ್ಯದ ಕೆಲಸ.

ಡಿಸೆಂಬರ್ ೧೭, ಬುಧವಾರ

ಗಾಜಿನ ಹಿಂದೆ ಹಳದಿ ಮಬ್ಬು. ಫೋನಿನಲ್ಲಿ ಮೊದಲ ದಿನ ಕಂಡದ್ದು ಇದೇ. ಆಗ ಚುಕ್ಕೆಗೆ ಅಂಚಾದರೂ ಇತ್ತು.

ಒಬ್ಬ ಅರ್ಜಿದಾರ ಎಲ್ಲರ ಕಣ್ಣು ತಪ್ಪಿಸಿ ನನ್ನ ಮೇಜಿನವರೆಗೂ ಬಂದುಬಿಟ್ಟ. ತಿರಸ್ಕರಿಸಿದ ಫೈಲು. “ಸಾರ್, ಒಂದ್ಸಲ ಬಂದು ಗಾಡಿ ನೋಡಿ, ಫೋಟೋದಲ್ಲಿ ಅದು ಬೇರೆ ಥರ ಕಾಣತ್ತೆ” ಅಂದ. ನಿಯಮ ಹೇಳಿದೆ. ಬಂಪರ್ ಅವನನ್ನು ತೋಳು ಹಿಡಿದು ಕರೆದುಕೊಂಡು ಹೋದ.

ಡಿಸೆಂಬರ್ ೨೦, ಶನಿವಾರ

ಅಕ್ಕ ಬಂದಿದ್ದಾಳಂತೆ, ತಮ್ಮನ ಮನೆಗೆ. ಫೋನ್ ಮಾಡಿದಳು. “ನಿಮ್ಮಿಬ್ಬರ ಸಹವಾಸ ಸಾಕು. ಒಬ್ಬ ಬೀಗ ಹಾಕ್ತಾನೆ, ಇನ್ನೊಬ್ಬ ಗಾಜು ಹಾಕ್ತಾನೆ. ನಾಳೆ ಬೆಳಿಗ್ಗೆ ಅಮ್ಮನ್ನ ನಮ್ಮೂರಿಗೆ ಕರ್ಕೊಂಡ್ ಹೋಗ್ತೀನಿ. ಅಷ್ಟರೊಳಗೆ ಬಂದು ಮುಖ ತೋರಿಸು.”

ಹೆಂಡತಿ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಮೇಲೆ ಇಟ್ಟಿದ್ದಾಳೆ.

ಡಿಸೆಂಬರ್ ೨೧, ಭಾನುವಾರ

ಅಂಗಿ ಹಾಕಿಕೊಂಡೆ. ಎಷ್ಟು ಹೊತ್ತಿಗೆ ಹೊರಡುತ್ತಾರೆ ಅಂತ ಮೊದಲು ನೋಡಿಬಿಡೋಣ ಎಂದು ತಾರಸಿಗೆ ಹತ್ತಿದೆ. ಕಾರು ಆಗಲೇ ಗೇಟಿನ ಮುಂದಿತ್ತು. ಡಿಕ್ಕಿ ತೆರೆದಿತ್ತು. ಮೈದಾನ ಸುತ್ತಿ ಹೋಗುವಷ್ಟರಲ್ಲಿ ಹೊರಟುಬಿಡುತ್ತಾರೆ ಅನ್ನಿಸಿತು. ಇಲ್ಲಿಂದಲೇ ಚೆನ್ನಾಗಿ ಕಾಣುತ್ತಿತ್ತು.

ಈಗ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು ನೋಡುತ್ತಿದ್ದೇನೆ. ಮೊದಲನೆಯದರಲ್ಲಿ ಕಟ್ಟಡದ ನೆರಳು ಕಾರನ್ನು ಪೂರ್ತಿ ಮುಚ್ಚಿ ಮೈದಾನದ ಗೋಡೆಯವರೆಗೆ ಬಂದಿದೆ. ಆಮೇಲೆ ಬಾನೆಟ್ಟಿನ ಮೇಲೆ ಬಿಸಿಲು. ಆಮೇಲೆ ಗಾಜಿನ ಮೇಲೆ. ಕೊನೆಯದರಲ್ಲಿ ಇಡೀ ಕಾರು ಬಿಸಿಲಲ್ಲಿದೆ. ನೆರಳು ಅಷ್ಟು ಸರಿಯಲು ಒಂದು ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಕಾರು ನಿಂತೇ ಇತ್ತು. ಅಕ್ಕ ಎರಡು ಸಲ ರಸ್ತೆಯ ತಿರುವಿನವರೆಗೆ ಬಂದು ನೋಡಿದ್ದಾಳೆ. ತಮ್ಮನೂ ಒಮ್ಮೆ ಬಂದಿದ್ದಾನೆ, ಭುಜ ಇಳಿಬಿಟ್ಟುಕೊಂಡು. ‘ಸಮಯವಿರಲಿಲ್ಲ’ ಎಂದು ಬೇರೆ ಯಾರಾದರೂ ಬರೆದು ಈ ಚಿತ್ರಗಳನ್ನು ಲಗತ್ತಿಸಿದ್ದರೆ, ನಾನು ಎರಡನೇ ಸಲ ನೋಡದೆ ತಿರಸ್ಕರಿಸುತ್ತಿದ್ದೆ.

ಕೊನೆಯ ಚಿತ್ರದಲ್ಲಿ ಅಮ್ಮ ಕಾರಿನ ಬಾಗಿಲಲ್ಲಿ ನಿಂತಿದ್ದಾಳೆ. ಹಳದಿ ಸ್ವೆಟರು. ಮುಖ ಈ ಕಡೆ ಎತ್ತಿದ್ದಾಳೆ. ಎರಡು ಕೈಯನ್ನೂ ಮುಖಕ್ಕೆ ಅದುಮಿ ಹಿಡಿದಿದ್ದಾಳೆ. ಪರದೆಯ ಮೇಲೆ ಇನ್ನಷ್ಟು ದೊಡ್ಡದು ಮಾಡಿದೆ. ಬೆರಳುಗಳು ಚೌಕ ಚೌಕವಾಗಿ ಒಡೆದವು. ಬಿಸಿಲಿಗೆ ಅಡ್ಡ ಹಿಡಿದಳೇನೋ ಅಂದುಕೊಂಡೆ. ಆದರೆ ಅವಳ ನೆರಳು ಅವಳ ಮುಂದೆ, ನನ್ನ ಕಡೆಗೆ ಬಿದ್ದಿದೆ. ಬಿಸಿಲು ಇದ್ದದ್ದು ಬೆನ್ನಿಗೆ.

ಕೆಳಗೆ ಹೆಂಡತಿ ಊಟಕ್ಕೆ ಕರೆಯುತ್ತಿದ್ದಾಳೆ. ಅಂಗಿ ಇನ್ನೂ ಬಿಚ್ಚಿಲ್ಲ.

ಅಮ್ಮಾ, ಅದು ಅಳುವೋ, ಅಥವಾ ಮಗನಿಗೆ ಹೋಗಿಬರುತ್ತೇನೆ ಅಂತ ಹೇಳುವುದು ಹೀಗೇ ಅಂದುಕೊಂಡೆಯಾ?